‘ಆಪರೇಷನ್ ಆಯ್ತಾ?’ ಈ ಪ್ರಶ್ನೆ ಹೆಂಡತಿಗೇ ಯಾಕೆ?

ನಮ್ಮ ಕಡೆ ಬಾಣಂತಿಯನ್ನು ನೋಡಲು ಹೋದವರು ಮೊದಲು ಮಗುವಿನ ಕೈಗೆ ದುಡ್ಡು ಇಡುತ್ತಾರೆ. ಆಮೇಲೆ ತೂಕ ಎಷ್ಟು, ಯಾರ ಹಾಗಿದೆ, ಹಾಲು ಸರಿಯಾಗಿ ಕುಡಿಯುತ್ತಾ ಅಂತ ವಿಚಾರಿಸುತ್ತಾರೆ. ಅದು ಎರಡನೇ ಹೆರಿಗೆಯಾಗಿದ್ದರೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ದನಿ ಸ್ವಲ್ಪ ತಗ್ಗಿಸಿ, ಬಾಣಂತಿಯ ಅಮ್ಮನ ಕಡೆ ತಿರುಗಿ ಕೇಳುತ್ತಾರೆ: "ಆಪರೇಷನ್ ಆಯ್ತಾ?"

ಯಾವ ಆಪರೇಷನ್ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೆ ಅಂತಲೂ ಹೇಳಬೇಕಾಗಿಲ್ಲ. ಮಗುವಿನ ಅಪ್ಪ ಅಲ್ಲೇ ಬಾಗಿಲ ಬಳಿ ನಿಂತಿರುತ್ತಾನೆ. ಅವನ ಕಡೆ ತಿರುಗಿ ಈ ಪ್ರಶ್ನೆ ಕೇಳಿದವರನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ.

ಈ ಒಂದು ಸಣ್ಣ ಪ್ರಶ್ನೆಯಲ್ಲಿರುವುದೇ ಅಂಕಿಅಂಶದಲ್ಲೂ ಕಾಣುತ್ತದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ 57.4% ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು. ಅದರ ಹಿಂದಿನ ಸಮೀಕ್ಷೆಯಲ್ಲಿ, ಅಂದರೆ 2015-16ರಲ್ಲಿ, ಇದು 48.6% ಇತ್ತು. ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಇನ್ನು ಗಂಡಸರ ಆಪರೇಷನ್? 0.0%. ಒಂದು ದಶಮಾಂಶದವರೆಗೆ ಲೆಕ್ಕ ಹಾಕಿದರೂ ಸೊನ್ನೆ. ಇಡೀ ದೇಶದ ಲೆಕ್ಕ ತೆಗೆದರೂ ಹೆಂಗಸರು 37.9%, ಗಂಡಸರು 0.3%.

ಇನ್ನೊಂದು ಅಂಕಿ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಕರ್ನಾಟಕದಲ್ಲಿ ಗರ್ಭನಿರೋಧಕ್ಕೆ ಯಾವುದಾದರೂ ಒಂದು ವಿಧಾನ ಬಳಸುವ ದಂಪತಿಗಳು 100ಕ್ಕೆ ಸುಮಾರು 69. ಅದರಲ್ಲಿ 57 ಆಪರೇಷನ್ನೇ. ಮಾತ್ರೆ, ಗರ್ಭಕೋಶದೊಳಗೆ ಇಡುವ ಕಾಪರ್ ಟಿ, ಇಂಜೆಕ್ಷನ್, ನಿರೋಧ್ ಎಲ್ಲ ಸೇರಿ ಉಳಿದದ್ದು ಹನ್ನೆರಡರಷ್ಟು. ಅಂದರೆ ನಮ್ಮ ರಾಜ್ಯದ ಬಹುಪಾಲು ಹೆಂಗಸರಿಗೆ ಕುಟುಂಬ ಯೋಜನೆ ಅಂದರೆ ಗೊತ್ತಿರುವುದು ಒಂದೇ ದಾರಿ, ಹಿಂತಿರುಗಲಾಗದ ದಾರಿ.

ಈ ಆಪರೇಷನ್ ಕೆಟ್ಟದ್ದು ಅಂತ ಹೇಳಲು ನಾನಿದನ್ನು ಬರೆಯುತ್ತಿಲ್ಲ. ನನ್ನ ಅಜ್ಜಿ ಒಂಬತ್ತು ಹೆತ್ತು ಮೂವರನ್ನು ಮಣ್ಣಿಗೆ ಕೊಟ್ಟವರು. ಒಂದು ಬಾಣಂತನದ ಮೈ ಆರುವ ಮುಂಚೆ ಇನ್ನೊಂದು ಬಸಿರು. ಅವರ ಹೆಣ್ಣುಮಕ್ಕಳು ಎರಡು, ಮೂರಕ್ಕೆ ನಿಲ್ಲಿಸಿ ನೆಟ್ಟಗೆ ಉಸಿರಾಡಿದ್ದು ಈ ಆಪರೇಷನ್ನಿನಿಂದಲೇ. ಬೇಡದ ಬಸಿರಿನ ಭಯವಿಲ್ಲದೆ ಬದುಕುವುದು ಎಷ್ಟು ದೊಡ್ಡ ಬಿಡುಗಡೆ ಅನ್ನುವುದು ಹೆತ್ತವರಿಗೆ ಗೊತ್ತು. ಅದನ್ನು ನಾನು ಹಗುರ ಮಾಡಲಾರೆ. ನನ್ನ ಪ್ರಶ್ನೆ ಬೇರೆ. ಆ ಬಿಡುಗಡೆಗೆ ಹೊಟ್ಟೆ ಕೊಯ್ಸಿಕೊಳ್ಳುವುದು ಬಿಟ್ಟು ಬೇರೆ ಏನನ್ನಾದರೂ ಅವರ ಮುಂದೆ ಯಾರಾದರೂ ಇಟ್ಟರಾ? ಇಟ್ಟು, ಯೋಚಿಸಲು ಹೊತ್ತು ಕೊಟ್ಟರಾ?

ಒಮ್ಮೆ ನನ್ನ ಚಿಕ್ಕಮ್ಮನನ್ನು ಕೇಳಿದ್ದೆ. "ಚಿಕ್ಕಮ್ಮ, ಆಪರೇಷನ್ ಬೇಕು ಅಂತ ನೀವೇ ಹೇಳಿದ್ರಾ?" ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಕೇಳಿದ್ದು ಯಾರಮ್ಮ? ಮಾಡ್ಬೇಕು ಅಂದ್ರು, ಮಾಡಿದ್ರು. ನಿಮ್ಮ ಚಿಕ್ಕಪ್ಪ ಸೈನ್ ಹಾಕಿದ್ರು." ಆಗ ಅವರಿಗೆ 23 ವರ್ಷ.

ಹಾಗಾದರೆ ಗಂಡಸರು ಮೊದಲಿಂದಲೂ ಹೀಗೆ ಹೊರಗೇ ಇದ್ದರಾ? ಇಲ್ಲ. ಇದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ ಕಥೆ.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಗರ್ಭನಿರೋಧ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಜಗತ್ತಿನಲ್ಲಿ ಸರ್ಕಾರವೇ ಮುಂದೆ ನಿಂತು ತೆರೆದ ಮೊದಲ ಕ್ಲಿನಿಕ್‌ಗಳಲ್ಲಿ ಅವೂ ಸೇರುತ್ತವೆ. ಸ್ವಾತಂತ್ರ್ಯದ ನಂತರ 1952ರಲ್ಲಿ ಭಾರತ ರಾಷ್ಟ್ರೀಯ ಕುಟುಂಬ ಯೋಜನೆ ಕಾರ್ಯಕ್ರಮ ಶುರು ಮಾಡಿತು. ಇಂಥ ಕಾರ್ಯಕ್ರಮ ಮಾಡಿದ ಮೊದಲ ದೇಶ ನಮ್ಮದೇ. ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ, ‘ಚಿಕ್ಕ ಸಂಸಾರ ಚೊಕ್ಕ ಸಂಸಾರ’, ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಇವೆಲ್ಲ ಗೋಡೆಗಳ ಮೇಲೆ ಬಂದದ್ದು ಆಮೇಲೆ.

1960, 70ರ ದಶಕಗಳಲ್ಲಿ ಈ ಕಾರ್ಯಕ್ರಮದ ಬೆನ್ನೆಲುಬು ಗಂಡಸರ ಆಪರೇಷನ್ನೇ ಆಗಿತ್ತು. ಕಾರಣ ಸರಳ. ಗಂಡಸಿಗೆ ಮಾಡುವುದು ಸುಲಭ, ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಅಪಾಯವೂ ಕಡಿಮೆ. ಕೇರಳದ ಎರ್ನಾಕುಲಂನಲ್ಲಿ 1971ರ ಜುಲೈನಲ್ಲಿ ನಡೆದ ಒಂದೇ ಶಿಬಿರದಲ್ಲಿ ಸುಮಾರು 63,000 ಗಂಡಸರು ಆಪರೇಷನ್ ಮಾಡಿಸಿಕೊಂಡರು. ಜಾತ್ರೆಯ ಹಾಗೆ ಏರ್ಪಾಡು ಮಾಡಿ, ದುಡ್ಡು ಮತ್ತು ಉಡುಗೊರೆ ಕೊಟ್ಟು ನಡೆಸಿದ ಶಿಬಿರ ಅದು. ಉಡುಗೊರೆಯ ಆಸೆ ತೋರಿಸಿ ಕರೆದದ್ದು ಸರಿಯೋ ತಪ್ಪೋ ಅನ್ನುವ ಪ್ರಶ್ನೆ ಅಲ್ಲೇ ಹುಟ್ಟಿತ್ತು. ಆದರೆ ಆಗ ಶಿಬಿರದ ಗೆಲುವಷ್ಟೇ ಎಲ್ಲರ ಕಣ್ಣಿಗೆ ಬಿತ್ತು.

ಆಮೇಲೆ ತುರ್ತು ಪರಿಸ್ಥಿತಿ ಬಂತು. 1976ರ ಏಪ್ರಿಲ್‌ನಲ್ಲಿ ಬಂದ ಜನಸಂಖ್ಯಾ ನೀತಿ, ರಾಜ್ಯಗಳು ಬೇಕಾದರೆ ಆಪರೇಷನ್ ಕಡ್ಡಾಯ ಮಾಡುವ ಕಾನೂನು ತರಬಹುದು ಅಂದಿತು. ಕಾನೂನಿಗಿಂತ ಮೊದಲು ಗುರಿ ಬಂತು. ಇಷ್ಟು ‘ಕೇಸ್’, ಅಂದರೆ ಆಪರೇಷನ್‌ಗೆ ಇಷ್ಟು ಜನರನ್ನು, ತರಬೇಕು ಅಂತ ಮೇಷ್ಟ್ರಿಗೆ, ಗ್ರಾಮಸೇವಕರಿಗೆ, ಪೊಲೀಸರಿಗೆ ಲೆಕ್ಕ ಹಂಚಿದರು. ಕೇಸ್ ತರದಿದ್ದರೆ ಸಂಬಳ ನಿಲ್ಲುವ ಭಯ, ವರ್ಗಾವಣೆಯ ಭಯ. ಹರಿಯಾಣದ ಉಟಾವಡ್ ಅನ್ನುವ ಊರನ್ನು 1976ರ ನವೆಂಬರ್‌ನಲ್ಲಿ ಪೊಲೀಸರು ಬೆಳಗಿನ ಜಾವ ಸುತ್ತುವರಿದು ಗಂಡಸರನ್ನು ಹಿಡಿದುಕೊಂಡು ಹೋದರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಆಪರೇಷನ್ ನಡೆದವು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದು.

1977ರ ಚುನಾವಣೆಯಲ್ಲಿ ಸರ್ಕಾರ ಬಿತ್ತು. ಉತ್ತರ ಭಾರತದಲ್ಲಿ ಆ ಸೋಲಿಗೆ ಹಿಂದಿಯಲ್ಲಿ ‘ನಸ್‌ಬಂದಿ’ ಅನ್ನುವ ಈ ಆಪರೇಷನ್ನಿನ ಸಿಟ್ಟು ದೊಡ್ಡ ಕಾರಣ. ಮಾರನೇ ವರ್ಷ ಆಪರೇಷನ್‌ಗಳ ಒಟ್ಟು ಸಂಖ್ಯೆ ಹತ್ತು ಲಕ್ಷದ ಒಳಗೆ ಇಳಿಯಿತು. ಕುಟುಂಬ ಯೋಜನೆ ಇಲಾಖೆ ಹೆಸರು ಬದಲಿಸಿಕೊಂಡು ‘ಕುಟುಂಬ ಕಲ್ಯಾಣ’ ಆಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬದಲಾದದ್ದು ಹೆಸರು ಮಾತ್ರ ಅಂದುಕೊಳ್ಳುತ್ತೇವೆ, ಅಲ್ವಾ? ಅದಕ್ಕಿಂತ ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆಯಿತು. ಗಂಡಸರ ಮೈ ಮುಟ್ಟಿದ್ದಕ್ಕೆ ಒಂದು ಸರ್ಕಾರವೇ ಉರುಳಿತ್ತು. ಆ ಪಾಠವನ್ನು ಯಾವ ರಾಜಕಾರಣಿಯೂ ಮರೆಯಲಿಲ್ಲ. ಆದರೆ ಜನಸಂಖ್ಯೆ ತಗ್ಗಿಸುವ ಗುರಿ ಹಾಗೇ ಇತ್ತು. ಕೇಸ್ ತರುವ ಪದ್ಧತಿಯೂ ಹಾಗೇ ಇತ್ತು. ಹಾಗಾಗಿ ಆ ಗುರಿ ಗಂಡನಿಂದ ಹೆಂಡತಿಯ ಕಡೆ ತಿರುಗಿತು. ಅಷ್ಟರಲ್ಲಿ ಹೊಟ್ಟೆಯೊಳಗೆ ತೆಳ್ಳನೆಯ ಕೊಳವೆ ಹಾಕಿ ಮಾಡುವ ಲ್ಯಾಪರೋಸ್ಕೋಪಿ ಬಂದಿತ್ತು, ಚಿಕ್ಕ ಗಾಯದಲ್ಲಿ ಬೇಗ ಮುಗಿಸಬಹುದಿತ್ತು. ಹೆರಿಗೆಗೆ ಆಸ್ಪತ್ರೆಗೆ ಬರುವ ಹೆಂಗಸರ ಸಂಖ್ಯೆಯೂ ಏರುತ್ತಿತ್ತು. ತುರ್ತು ಪರಿಸ್ಥಿತಿಯಲ್ಲಿ ನಾಲ್ಕರಲ್ಲಿ ಮೂವರು ಗಂಡಸರಾಗಿದ್ದರು. ಒಂದೇ ವರ್ಷದಲ್ಲಿ ಆ ಲೆಕ್ಕ ತಿರುಗಿ, ಐದರಲ್ಲಿ ನಾಲ್ವರು ಹೆಂಗಸರಾದರು. ಹೆಂಗಸರು ಬೀದಿಗೆ ಇಳಿಯಲಿಲ್ಲ, ಸರ್ಕಾರ ಉರುಳಿಸಲಿಲ್ಲ. ಸುಮ್ನೆ ಬಂದು ಮಂಚದ ಮೇಲೆ ಮಲಗಿದರು. ನನಗೆ ಈ ವಿಷಯದಲ್ಲಿ ಅತ್ಯಂತ ನೋವು ಕೊಡುವ ಸಂಗತಿ ಇದೇ.

ಮುಂದಿನ ಮೂವತ್ತೈದು ವರ್ಷ ಶಿಬಿರಗಳ ಕಾಲ. ಜನಸಂಖ್ಯೆ ಕುರಿತ ವಿಶ್ವಸಂಸ್ಥೆಯ 1994ರ ಕೈರೋ ಸಮ್ಮೇಳನದ ನಂತರ, 1996ರಲ್ಲಿ, ಭಾರತ ಗುರಿ ನಿಗದಿ ಮಾಡುವ ಪದ್ಧತಿಯನ್ನು ಕೈಬಿಟ್ಟೆ ಅಂದಿತು. ಕಾಗದದ ಮೇಲೆ ಅದು ಹೌದು. ನೆಲದ ಮೇಲೆ ಏನಿತ್ತು ಅನ್ನಲು ಎರಡು ರಾತ್ರಿ-ಹಗಲುಗಳ ಕಥೆ ಸಾಕು.

2012ರ ಜನವರಿ 7. ಬಿಹಾರದ ಅರರಿಯಾ ಜಿಲ್ಲೆಯ ಕಪರ್‌ಫೋರಾದಲ್ಲಿ ಒಂದು ಸರ್ಕಾರಿ ಶಾಲೆ. ಅಲ್ಲಿ ರಾತ್ರಿ ಎರಡು ಗಂಟೆಗಳ ಅವಧಿಯಲ್ಲಿ ಒಬ್ಬನೇ ಸರ್ಜನ್ 53 ಹೆಂಗಸರಿಗೆ ಆಪರೇಷನ್ ಮಾಡಿದ. ಶಾಲೆಯ ಮೇಜುಗಳೇ ಆಪರೇಷನ್ ಟೇಬಲ್. ಬೆಳಕಿಗೆ ಟಾರ್ಚು. 53 ಜನಕ್ಕೆ 120 ನಿಮಿಷ. ಒಬ್ಬರಿಗೆ ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕಿ ನೋಡಿ.

2014ರ ನವೆಂಬರ್ 8. ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ, ಬಳಕೆಯಲ್ಲಿಲ್ಲದ ಒಂದು ಆಸ್ಪತ್ರೆ ಕಟ್ಟಡ. ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಸರ್ಕಾರದ ನಿಯಮದ ಪ್ರಕಾರ ಒಬ್ಬ ಸರ್ಜನ್ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡುವಂತಿಲ್ಲ. ಆ ಶಿಬಿರ ಮತ್ತು ಅದರ ಬೆನ್ನಿಗೇ ನಡೆದ ಶಿಬಿರಗಳಿಂದ ಮನೆಗೆ ಹೋದ ಹೆಂಗಸರು ವಾಂತಿ, ಹೊಟ್ಟೆನೋವು ಅಂತ ಒಬ್ಬೊಬ್ಬರಾಗಿ ಆಸ್ಪತ್ರೆ ಸೇರಿದರು. 13 ಮಂದಿ ತೀರಿಕೊಂಡರು. ಕೊಟ್ಟ ಮಾತ್ರೆಯಲ್ಲಿ ವಿಷ ಇತ್ತೋ, ಶುಚಿಯಿಲ್ಲದೆ ಸೋಂಕು ತಗುಲಿತೋ ಅಂತ ತಿಂಗಳುಗಟ್ಟಲೆ ವಾದ ನಡೆಯಿತು. ಅವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ಬಡ ತಾಯಂದಿರು, ಮನೆಯಲ್ಲಿ ಎದೆಹಾಲು ಕುಡಿಯುವ ಕೂಸುಗಳನ್ನು ಬಿಟ್ಟು ಬಂದವರು. ಅವರನ್ನು ಒಂದೇ ದಿನ, ಒಂದೇ ಸಾಲಿನಲ್ಲಿ ಯಾಕೆ ಮಲಗಿಸಿದರು ಅನ್ನುವ ಪ್ರಶ್ನೆ ಆ ವಾದದಲ್ಲಿ ಹಿಂದೆ ಸರಿಯಿತು.

ಅರರಿಯಾದ ಘಟನೆಯನ್ನು ದೇವಿಕಾ ಬಿಸ್ವಾಸ್ ಅನ್ನುವ ಆರೋಗ್ಯ ಕಾರ್ಯಕರ್ತೆ ಸುಪ್ರೀಂ ಕೋರ್ಟಿಗೆ ಒಯ್ದಿದ್ದರು. ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಮತ್ತು ಉದಯ್ ಲಲಿತ್ ಅವರ ಪೀಠ 2016ರ ಸೆಪ್ಟೆಂಬರ್ 14ರಂದು ತೀರ್ಪು ಕೊಟ್ಟಿತು. 2010ರಿಂದ 2013ರವರೆಗೆ ಈ ಆಪರೇಷನ್ನಿನಿಂದ 363 ಜನ ಸತ್ತ ಲೆಕ್ಕ ಆ ತೀರ್ಪಿನಲ್ಲಿದೆ. ಮೂರು ವರ್ಷದೊಳಗೆ ಶಿಬಿರ ಪದ್ಧತಿ ನಿಲ್ಲಿಸಿ ಅಂತ ಕೋರ್ಟ್ ಹೇಳಿತು. ಆಪರೇಷನ್ನಿನ ಪರಿಣಾಮ ಏನು ಅನ್ನುವುದನ್ನು ಆಯಾ ಜನರ ಭಾಷೆಯಲ್ಲಿ ವಿವರಿಸಬೇಕು, ಯೋಚಿಸಲು ಸಮಯ ಕೊಡಬೇಕು, ಗುರಿ ಹೇರಬಾರದು ಅಂತಲೂ ಹೇಳಿತು. ಇಷ್ಟನ್ನು ಹೇಳಲು ದೇಶದ ಅತಿ ದೊಡ್ಡ ಕೋರ್ಟೇ ಬೇಕಾಯಿತು.

ನಮ್ಮ ರಾಜ್ಯದಲ್ಲಿ ಅರರಿಯಾದಂಥ ರಾತ್ರಿಗಳು ಯಾಕೆ ಸುದ್ದಿಯಾಗಲಿಲ್ಲ ಅಂದರೆ, ಇಲ್ಲಿ ಹೆರಿಗೆ ಬಹುತೇಕ ಆಸ್ಪತ್ರೆಯಲ್ಲೇ ಆಗುತ್ತದೆ. ಆಪರೇಷನ್ನೂ ಅಲ್ಲೇ, ಹೆರಿಗೆಯಾದ ವಾರದೊಳಗೆ ಅಥವಾ ಸಿಸೇರಿಯನ್ ಜೊತೆಗೇ ಆಗಿಬಿಡುತ್ತದೆ. ಆಸ್ಪತ್ರೆಗಳ ಗುಣಮಟ್ಟವೂ ಅಲ್ಲಿಗಿಂತ ಮೇಲು. ಅದು ನಿಜವಾಗಲೂ ದೊಡ್ಡ ಸಂಗತಿ, ಇಲ್ಲಿ ಜೀವಗಳು ಉಳಿದಿವೆ. ಆದರೆ ಒಪ್ಪಿಗೆಯ ಪ್ರಶ್ನೆ ಮಾತ್ರ ಸಿಸೇರಿಯನ್ ಟೇಬಲ್ಲಿನ ಮೇಲೂ ಹಾಗೇ ಉಳಿಯುತ್ತದೆ. ಹೆರಿಗೆ ನೋವು ಬರುತ್ತಿರುವಾಗ ಮುಂದೆ ಹಿಡಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಎಂಥ ಒಪ್ಪಿಗೆ?

ಈಗ ಆಪರೇಷನ್ ಅಂದರೆ ಏನು ಅನ್ನುವುದನ್ನು ಸರಿಯಾಗಿ ತಿಳಿಯೋಣ. ಇದರ ಸುತ್ತ ಇರುವ ಭಯಗಳಲ್ಲಿ ಅರ್ಧ, ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಹೇಳಿಕೊಡದೆ ಹುಟ್ಟಿದವು.

ಹೆಂಗಸಿನ ಗರ್ಭಕೋಶದ ಎರಡೂ ಕಡೆ ಒಂದೊಂದು ತೆಳ್ಳನೆಯ ನಾಳ ಇದೆ. ಅಂಡಾಶಯದಿಂದ ತಿಂಗಳಿಗೊಂದು ಅಂಡ ಹೊರಟು ಈ ನಾಳಕ್ಕೆ ಬರುತ್ತದೆ. ಗಂಡಿನ ವೀರ್ಯಾಣು ಅದನ್ನು ಸೇರುವುದು ಇಲ್ಲೇ. ಟ್ಯೂಬೆಕ್ಟಮಿ ಅಂದರೆ ಈ ನಾಳವನ್ನು ಕಟ್ಟಿ ಕತ್ತರಿಸುವುದು, ಅಥವಾ ಲ್ಯಾಪರೋಸ್ಕೋಪಿಯಲ್ಲಾದರೆ ನಾಳವನ್ನು ಮಡಿಚಿ ಚಿಕ್ಕ ರಿಂಗ್ ಹಾಕುವುದು. ಗರ್ಭಕೋಶ ತೆಗೆಯುವುದಿಲ್ಲ, ಅಂಡಾಶಯ ಮುಟ್ಟುವುದಿಲ್ಲ. ಹಾಗಾಗಿ ಮುಟ್ಟು ನಿಲ್ಲುವುದಿಲ್ಲ, ಹೆಣ್ತನ ಕಡಿಮೆಯಾಗುವುದಿಲ್ಲ. ಆದರೆ ನಾಳ ಇರುವುದು ಹೊಟ್ಟೆಯೊಳಗೆ. ಅಲ್ಲಿಗೆ ಹೋಗಬೇಕಾದರೆ ಹೊಟ್ಟೆಯ ಗೋಡೆ ದಾಟಲೇಬೇಕು. ಅರಿವಳಿಕೆ ಬೇಕು, ಕರುಳು, ರಕ್ತನಾಳಗಳ ಪಕ್ಕದಲ್ಲೇ ಕೆಲಸ ಮಾಡಬೇಕು. ನುರಿತ ಕೈಯಲ್ಲಿ ಇದು ಸುರಕ್ಷಿತ. ಆದರೂ ಹೊಟ್ಟೆಯ ಆಪರೇಷನ್, ಹೊಟ್ಟೆಯ ಆಪರೇಷನ್ನೇ.

ಗಂಡಸಿನದು ಹಾಗಲ್ಲ. ವೀರ್ಯಾಣು ಸಾಗುವ ನಾಳ ಬೀಜದ ಚೀಲದ ಚರ್ಮದ ಕೆಳಗೇ ಇದೆ. ಕೈಗೆ ಸಿಗುತ್ತದೆ. ಅಲ್ಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕತ್ತಿ ಬಳಸದೆ, ಚೂಪಾದ ಇಕ್ಕಳದಿಂದ ಚಿಕ್ಕ ತೂತು ಮಾಡಿ ನಾಳವನ್ನು ಹೊರಗೆಳೆದು ಕಟ್ಟಿ ಕತ್ತರಿಸುತ್ತಾರೆ. ಹೊಲಿಗೆಯೂ ಬೇಡ. ಈ ವಿಧಾನವನ್ನು 1974ರಲ್ಲಿ ಚೀನಾದ ಡಾಕ್ಟರ್ ಲಿ ಶುನ್‌ಚಿಯಾಂಗ್ ರೂಪಿಸಿದರು, ನಮ್ಮಲ್ಲಿಗೆ 90ರ ದಶಕದಲ್ಲಿ ಬಂತು. ಎಲ್ಲ ಸೇರಿ ಹದಿನೈದು, ಇಪ್ಪತ್ತು ನಿಮಿಷ. ಸ್ವಲ್ಪ ಹೊತ್ತು ಕೂತು ಮನೆಗೆ ನಡೆದುಕೊಂಡು ಹೋಗಬಹುದು. ಎರಡು ದಿನ ಆರಾಮ ತೆಗೆದುಕೊಂಡರೆ ಸಾಕು.

"ಶಕ್ತಿ ಹೋಗ್ತದೆ" ಅನ್ನುವ ಮಾತು ನಮ್ಮ ಗಂಡಸರ ಬಾಯಲ್ಲಿ ಬೇರು ಬಿಟ್ಟಿದೆ. ಸರ್ಕಾರದ ಪದವೇ ಅದಕ್ಕೆ ನೀರೆರೆದಿದೆ ಅಂತ ನನಗೆ ಅನಿಸುತ್ತದೆ. ‘ಸಂತಾನ ಶಕ್ತಿಹರಣ ಚಿಕಿತ್ಸೆ’ ಅಂತ ಆಸ್ಪತ್ರೆಯ ಗೋಡೆಯ ಮೇಲೆ ಬರೆದರೆ, ಅದನ್ನು ಓದಿದ ಗಂಡಸಿನ ಕಣ್ಣಿಗೆ ಬೀಳುವುದು ‘ಶಕ್ತಿಹರಣ’ ಮಾತ್ರ. ಅಸಲಿಗೆ ಗಂಡಸುತನದ ಹಾರ್ಮೋನು ಬೀಜದಿಂದ ನೇರ ರಕ್ತಕ್ಕೆ ಹೋಗುತ್ತದೆ, ಈ ನಾಳದಲ್ಲಿ ಹೋಗುವುದೇ ಇಲ್ಲ. ಹೊರಬರುವ ದ್ರವದಲ್ಲಿ ಬೀಜದಿಂದ ಬರುವ ಪಾಲು ತೀರಾ ಸ್ವಲ್ಪ, ಉಳಿದದ್ದೆಲ್ಲ ಬೇರೆ ಗ್ರಂಥಿಗಳದು. ಅದಕ್ಕೇ ಆಪರೇಷನ್ ಆದಮೇಲೂ ಸುಖದಲ್ಲಾಗಲಿ, ದುಡಿಮೆಯಲ್ಲಾಗಲಿ ವ್ಯತ್ಯಾಸ ಬರುವುದಿಲ್ಲ. ಗದ್ದೆ ಉಳಬಹುದು, ಮೂಟೆ ಹೊರಬಹುದು, ಲಾರಿ ಓಡಿಸಬಹುದು.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಗಂಡಸಿನ ಆಪರೇಷನ್ ಅವತ್ತೇ ಫಲ ಕೊಡುವುದಿಲ್ಲ. ನಾಳದ ಮುಂದಿನ ಭಾಗದಲ್ಲಿ ಮೊದಲೇ ಸೇರಿಕೊಂಡ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಬಳಸಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಇದನ್ನು ಬಿಡಿಸಿ ಹೇಳದೆ ಕಳಿಸಿದರೆ, ಎರಡು ತಿಂಗಳಿಗೆ ಹೆಂಡತಿ ಬಸಿರಾಗಬಹುದು. ಆಗ ಊರು ಅನುಮಾನಿಸುವುದು ಆಪರೇಷನ್ನನ್ನಲ್ಲ, ಅವಳನ್ನು. ಒಂದು ಮಾತು ಹೇಳದೇ ಹೋದದ್ದಕ್ಕೆ ಒಂದು ಹೆಣ್ಣಿನ ಬದುಕೇ ಹಾಳಾಗಬಹುದು.

ಹೆಂಗಸರ ಆಪರೇಷನ್ನೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಹತ್ತು ವರ್ಷದಲ್ಲಿ 1,000ಕ್ಕೆ 18ರಷ್ಟು ಜನ ಬಸಿರಾಗಿದ್ದರು. ಹಾಗೆ ಆದ ಬಸಿರಿನಲ್ಲಿ ಮೂರನೇ ಒಂದು ಪಾಲು ಗರ್ಭಕೋಶದ ಹೊರಗೆ, ನಾಳದಲ್ಲೇ ನಿಂತದ್ದು. ಅದು ಒಡೆದರೆ ಒಳಗೊಳಗೇ ರಕ್ತ ಸುರಿದು ಜೀವಕ್ಕೆ ಕುತ್ತು. ಅದಕ್ಕೇ ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ನೆನಪಿಡಿ: ಆಪರೇಷನ್ ಆಗಿ ಎಷ್ಟೇ ವರ್ಷವಾಗಿರಲಿ, ಮುಟ್ಟು ತಪ್ಪಿದರೆ, ಜೊತೆಗೆ ಕಿಬ್ಬೊಟ್ಟೆ ನೋವು ಇದ್ದರೆ, "ನಂಗೆ ಆಪರೇಷನ್ ಆಗಿದೆ, ಬಸಿರು ಹೇಗಾಗ್ತದೆ" ಅಂತ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ವ್ಯವಸ್ಥೆಯಲ್ಲಿ ಮಾಡಿಸಿದ ಆಪರೇಷನ್ ವಿಫಲವಾದರೆ, ತೊಂದರೆಯಾದರೆ ಪರಿಹಾರ ಕೊಡುವ ಯೋಜನೆಯೂ ಇದೆ. ಅದಕ್ಕೆ ಆಪರೇಷನ್ ಆದದ್ದಕ್ಕೆ ಕೊಟ್ಟ ಸರ್ಟಿಫಿಕೇಟ್ ಬೇಕು. ರೇಷನ್ ಕಾರ್ಡಿನ ಜೊತೆ ಅದನ್ನೂ ಜೋಪಾನ ಮಾಡಿ.

ಇಷ್ಟೆಲ್ಲ ಗೊತ್ತಿದ್ದ ಮೇಲೆ, ಗಂಡ ಮಾಡಿಸಿಕೊಳ್ಳುವುದೇ ಎಲ್ಲ ರೀತಿಯಲ್ಲೂ ಹಗುರ ಅನ್ನುವುದು ಯಾರಿಗಾದರೂ ತಿಳಿಯುತ್ತದೆ. ಸರ್ಕಾರಕ್ಕೂ ಗೊತ್ತು. ಅದಕ್ಕೇ ಗಂಡಸಿಗೆ ಹೆಂಗಸಿಗಿಂತ ಹೆಚ್ಚು ಪ್ರೋತ್ಸಾಹಧನ ಇಟ್ಟಿದೆ. ಪ್ರತಿ ನವೆಂಬರ್‌ನಲ್ಲಿ ಗಂಡಸರ ಆಪರೇಷನ್ನಿನ ಪಾಕ್ಷಿಕ ಆಚರಿಸುತ್ತದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಆದರೂ 0.0. ಯಾಕೆ ಅಂದರೆ, ಮನೆಗೆ ಬಂದ ಆಶಾ ಅಕ್ಕ ಮಾತಾಡುವುದು ಅಡುಗೆಮನೆಯ ಬಾಗಿಲಲ್ಲಿ, ಹೆಂಗಸರ ಜೊತೆ. ಗಂಡ ಆಗ ಹೊಲದಲ್ಲೋ ಕೆಲಸದಲ್ಲೋ ಇರುತ್ತಾನೆ. ಇದ್ದರೂ ಅವನ ಹತ್ತಿರ ಈ ವಿಷಯ ಎತ್ತಲು ಅವಳಿಗೆ ಸಂಕೋಚ. ಅವನ ಜೊತೆ ಕೂತು ಮಾತಾಡಲು ಒಬ್ಬ ಗಂಡಸು ಆರೋಗ್ಯ ಕಾರ್ಯಕರ್ತ ಬೇಕು, ತಾನೇ ಮಾಡಿಸಿಕೊಂಡು ಆರಾಮಾಗಿರುವ ಒಬ್ಬ ನೆರೆಯವ ಬೇಕು. ಇಬ್ಬರೂ ಇಲ್ಲ.

ತಡೆಯುವವರಲ್ಲಿ ಹೆಂಗಸರೂ ಇದ್ದಾರೆ ಅನ್ನುವುದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. "ದುಡಿಯೋ ಗಂಡಸು, ಅವನಿಗ್ಯಾಕೆ? ನಾನೇ ಮಾಡಿಸ್ಕೊಳ್ತೀನಿ" ಅನ್ನುವ ಹೆಂಡತಿಯರು, "ನನ್ನ ಮಗನಿಗೆ ಕತ್ತಿ ತಾಗಿಸ್ಬೇಡಿ" ಅನ್ನುವ ಅತ್ತೆಯರು ನಮ್ಮ ಮನೆಗಳಲ್ಲೇ ಇದ್ದಾರೆ. ಆ ಹೆಂಡತಿಯೂ ದುಡಿಯುವವಳೇ. ಹಟ್ಟಿ, ಹೊಲ, ಅಡುಗೆ, ಗಾರ್ಮೆಂಟ್ಸ್ ಎಲ್ಲ ಅವಳದೇ. ಅವಳ ದುಡಿಮೆ ದುಡಿಮೆಯ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ಗರ್ಭನಿರೋಧ ಹೆಂಗಸರ ಕೆಲಸ, ಗಂಡಸರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಅಂತ ದೇಶದ 35% ಗಂಡಸರು 2019-21ರ ಸಮೀಕ್ಷೆಯಲ್ಲಿ ಒಪ್ಪಿದ್ದಾರೆ. ಇದು ನಮ್ಮ ಸಂಸ್ಕೃತಿ, ಏನೂ ಮಾಡಲಾಗದು ಅನ್ನುವವರು ಹಿಮಾಲಯದ ಕಡೆ ಒಮ್ಮೆ ನೋಡಬೇಕು. ಪುಟ್ಟ ಭೂತಾನ್‌ನಲ್ಲಿ 2010ರ ಸಮೀಕ್ಷೆಯ ಪ್ರಕಾರ ಹೆಂಗಸರಿಗಿಂತ ಗಂಡಸರ ಆಪರೇಷನ್ನೇ ಹೆಚ್ಚು.

ಇನ್ನು ವಯಸ್ಸಿನ ವಿಷಯ. 2015-16ರ ಸಮೀಕ್ಷೆಯಲ್ಲಿ, ಆಪರೇಷನ್ ಮಾಡಿಸಿಕೊಂಡ ಭಾರತದ ಹೆಂಗಸರಲ್ಲಿ ಅರ್ಧದಷ್ಟು ಜನ 26 ತುಂಬುವ ಮೊದಲೇ ಮಾಡಿಸಿಕೊಂಡವರು. ದಕ್ಷಿಣದಲ್ಲಿ ಇನ್ನೂ ಬೇಗ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿದೆ. ಬೇಗ ಮದುವೆ, ವರ್ಷದಲ್ಲಿ ಮಗು, ಅದರ ಬೆನ್ನಿಗೇ ಇನ್ನೊಂದು, ತಕ್ಷಣ ಆಪರೇಷನ್. ಎರಡು ಹೆರಿಗೆಯ ನಡುವೆ ಮೂರು ವರ್ಷ ಬಿಡುವು ಕೊಡುವ ಮಾತ್ರೆಯನ್ನೋ ಕಾಪರ್ ಟಿಯನ್ನೋ ಬಳಸುವುದೇ ಇಲ್ಲ. ರಾಜ್ಯದ ಹೆಂಗಸರಲ್ಲಿ ಅರ್ಧದ ಹತ್ತಿರ ಜನರಿಗೆ ರಕ್ತಹೀನತೆ ಇದೆ. ಮೈ ಚೇತರಿಸಿಕೊಳ್ಳಲು ಬಿಡುವೇ ಇಲ್ಲದ ಈ ಅವಸರಕ್ಕೂ ಅದಕ್ಕೂ ನಂಟಿದೆ.

ಅವಸರಕ್ಕೆ ಇನ್ನೊಂದು ಬೆಲೆಯೂ ಇದೆ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ, 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಆಪರೇಷನ್ ಮಾಡಿಸಿಕೊಂಡವರಲ್ಲಿ 100ಕ್ಕೆ 20 ಮಂದಿ 14 ವರ್ಷದೊಳಗೆ ಒಮ್ಮೆಯಾದರೂ ಯಾಕಾದರೂ ಮಾಡಿಸಿದೆನೋ ಅಂದುಕೊಂಡರು. 30 ದಾಟಿದವರಲ್ಲಿ ಅದು 6ರ ಹತ್ತಿರ. ನಮ್ಮಲ್ಲಿ 24ಕ್ಕೆ ಮಾಡಿಸಿಕೊಂಡವಳ ಮುಂದೆ ಹಡೆಯುವ ವಯಸ್ಸೇ ಇನ್ನೂ ಇಪ್ಪತ್ತು ವರ್ಷ ಇರುತ್ತದೆ. ಅಷ್ಟರಲ್ಲಿ ಬದುಕು ಏನೂ ಆಗಬಹುದು. ಮಗು ತೀರಿಹೋಗಬಹುದು, ಗಂಡ ತೀರಿಹೋಗಬಹುದು, ಇನ್ನೊಂದು ಮದುವೆಯಾಗಬಹುದು.

2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ತಮಿಳುನಾಡಿನ ಕರಾವಳಿಯ ಎಷ್ಟೋ ತಾಯಂದಿರು ಒಂದೇ ಬೆಳಿಗ್ಗೆ ಎಲ್ಲ ಮಕ್ಕಳನ್ನೂ ಕಳೆದುಕೊಂಡರು. ಅವರಲ್ಲಿ ಅನೇಕರಿಗೆ ಆಪರೇಷನ್ ಆಗಿತ್ತು. ನಾಳ ಮತ್ತೆ ಜೋಡಿಸುವ ಆಪರೇಷನ್ ಖರ್ಚನ್ನು ತಾನೇ ಭರಿಸುವುದಾಗಿ ಅಲ್ಲಿನ ಸರ್ಕಾರ ಹೇಳಿತು. ಕೆಲವರ ಮಡಿಲು ಮತ್ತೆ ತುಂಬಿತು, ಕೆಲವರದು ತುಂಬಲಿಲ್ಲ. ಮರುಜೋಡಣೆ ಸಾಧ್ಯ, ಆದರೆ ನಂಬಿಕೊಂಡು ಕೂರುವಂಥದ್ದಲ್ಲ. ನಾಳ ಎಷ್ಟು ಉಳಿದಿದೆ, ವಯಸ್ಸೆಷ್ಟು, ಕತ್ತರಿಸಿದ್ದಾ ರಿಂಗ್ ಹಾಕಿದ್ದಾ ಅನ್ನುವುದರ ಮೇಲೆ ಫಲ ನಿಂತಿದೆ. ‘ಶಾಶ್ವತ’ ಅನ್ನುವ ಪದವನ್ನು ಡಾಕ್ಟರು ಸುಮ್ನೆ ಹೇಳುವುದಿಲ್ಲ.

ಇದೇ ಹೊತ್ತಿನಲ್ಲಿ ದಕ್ಷಿಣದಲ್ಲಿ ಗಾಳಿ ತಿರುಗುತ್ತಿದೆ. ಕರ್ನಾಟಕದಲ್ಲಿ ಒಬ್ಬ ಹೆಂಗಸು ಸರಾಸರಿ ಹೆರುವ ಮಕ್ಕಳ ಸಂಖ್ಯೆ 2019-21ರ ಸಮೀಕ್ಷೆಯ ಹೊತ್ತಿಗೇ 1.7ಕ್ಕೆ ಇಳಿದಿತ್ತು. ಜನಸಂಖ್ಯೆ ಕಡಿಮೆಯಾದರೆ ಲೋಕಸಭೆಯಲ್ಲಿ ದಕ್ಷಿಣದ ಸೀಟು ಕಡಿಮೆಯಾದೀತು ಅನ್ನುವ ಆತಂಕ ಎದ್ದಿದೆ. ಮದುವೆಯಾದ ಹೆಂಗಸರಲ್ಲಿ ಸುಮಾರು 70% ಮಂದಿಗೆ ಆಪರೇಷನ್ ಮಾಡಿದ ಆಂಧ್ರಪ್ರದೇಶದಲ್ಲಿ, 2024ರಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಅಂದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನುವ ನಿಯಮವನ್ನು ಅಲ್ಲಿನ ಶಾಸನಸಭೆ ಅದೇ ವರ್ಷ ತೆಗೆದುಹಾಕಿತು. ನಿಯಮ ಹೋದದ್ದು ಒಳ್ಳೆಯದೇ. ಆದರೆ ನನಗೆ ದಿಗಿಲಾಗುವುದು ಇಲ್ಲಿ. ನಿನ್ನೆಯವರೆಗೆ ಎರಡಕ್ಕೆ ಸಾಕು, ಮಾಡಿಸಿಕೋ ಅಂದವರು ಇವತ್ತು ಮೂರು ಹೆರು ಅನ್ನುತ್ತಿದ್ದಾರೆ. ನಿನಗೆಷ್ಟು ಬೇಕು ಅಂತ ಅವಳನ್ನು ಕೇಳಿದವರು ನಿನ್ನೆಯೂ ಇರಲಿಲ್ಲ, ಇವತ್ತೂ ಕಾಣುತ್ತಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಆಪರೇಷನ್ ಬೇಕು ಅಂತ ಬಂದವಳನ್ನು ವಾಪಸ್ ಕಳಿಸುವುದು. ಎರಡೂ ಹೆಣ್ಣು ಮಕ್ಕಳಾದ ತಾಯಿ "ನಂಗೆ ಸಾಕು" ಅಂದರೆ, "ಇನ್ನೊಂದು ನೋಡೋಣ, ಗಂಡಾಗ್ಬಹುದು" ಅಂತ ಮನೆಯವರು ತಡೆಯುತ್ತಾರೆ. ಕೆಲವು ಕಡೆ ಆಸ್ಪತ್ರೆಯಲ್ಲೂ "ಗಂಡನ್ನ ಕರ್ಕೊಂಡು ಬಾ, ಸೈನ್ ಬೇಕು" ಅನ್ನುತ್ತಾರೆ. ನಿಯಮ ಹಾಗಿಲ್ಲ. ಕೇಂದ್ರ ಸರ್ಕಾರದ ಮಾನದಂಡದ ಪ್ರಕಾರ, ಮದುವೆಯಾದ, 22 ದಾಟಿದ, 49ರೊಳಗಿನ, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರುವ ಹೆಂಗಸು ಆಪರೇಷನ್ ಮಾಡಿಸಿಕೊಳ್ಳಬಹುದು. ಗಂಡನ ಸಹಿ ಬೇಕಾಗಿಲ್ಲ. ಗಂಡಸಿಗೂ ಹೆಂಡತಿಯ ಸಹಿ ಬೇಕಾಗಿಲ್ಲ. ಎರಡು ಮಕ್ಕಳಿರಲೇಬೇಕು ಅಂತಲೂ ಇಲ್ಲ, ಒಂದು ಗಂಡಾಗಿರಬೇಕು ಅಂತಂತೂ ಇಲ್ಲವೇ ಇಲ್ಲ. ಒಬ್ಬಳನ್ನು ಬೇಡ ಅಂದರೂ ಮಲಗಿಸುವುದು, ಇನ್ನೊಬ್ಬಳನ್ನು ಬೇಕು ಅಂದರೂ ಕಳಿಸುವುದು, ಎರಡೂ ಕಡೆ ಅವಳ ಮಾತಿಗೆ ಬೆಲೆ ಇಲ್ಲ.

ಬೇರೆ ದಾರಿಗಳು ಈಗ ಮೊದಲಿಗಿಂತ ಜಾಸ್ತಿ ಇವೆ. ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಇಂಜೆಕ್ಷನ್, ಹಾರ್ಮೋನು ಇಲ್ಲದ ‘ಛಾಯಾ’ ಮಾತ್ರೆ 2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಬಂದಿವೆ. ಕಾಪರ್ ಟಿಯಲ್ಲಿ ಐದು ವರ್ಷದ್ದು, ಹತ್ತು ವರ್ಷದ್ದು ಎರಡೂ ಸಿಗುತ್ತವೆ. ಹತ್ತು ವರ್ಷದ್ದನ್ನು ಹಾಕಿಸಿಕೊಂಡರೆ, 25ರ ಹೆಣ್ಣುಮಗಳಿಗೆ 35ರವರೆಗೆ ಚಿಂತೆ ಇಲ್ಲ, ಬೇಕಾದಾಗ ತೆಗೆಸಬಹುದು. ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಕೂಡ ಕರ್ನಾಟಕ ಸೇರಿ ಕೆಲವು ರಾಜ್ಯಗಳಲ್ಲಿ ಬರತೊಡಗಿದೆ. ಇವೆಲ್ಲದಕ್ಕೂ ಅವುಗಳದೇ ತೊಂದರೆ ಇದೆ. ರಕ್ತಸ್ರಾವ ಹೆಚ್ಚುಕಡಿಮೆಯಾಗಬಹುದು, ಕೆಲವರಿಗೆ ಒಗ್ಗುವುದಿಲ್ಲ. ತೊಂದರೆಯಾದಾಗ ಮತ್ತೆ ಹೋಗಿ ಕೇಳಲು ಒಬ್ಬರು ನರ್ಸಮ್ಮ ಸಿಗಬೇಕು, ಸಿಡುಕದೆ ಉತ್ತರ ಹೇಳಬೇಕು. ಅದು ಸಿಗದ ಕಡೆ ಹೆಂಗಸರು "ಒಂದೇ ಸಲ ಆಪರೇಷನ್ ಮಾಡಿಸಿ ಕೈತೊಳ್ಕೊಳ್ಳೋಣ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ತಪ್ಪಲ್ಲ. ದಿನದ ಕೂಲಿ ಬಿಟ್ಟು ನಾಲ್ಕು ಸಲ ಆಸ್ಪತ್ರೆಗೆ ಅಲೆಯುವುದಕ್ಕಿಂತ ಒಂದು ಸಲ ಮಲಗುವುದು ಮೇಲು ಅನಿಸುವಂತೆ ನಾವೇ ಇಟ್ಟಿದ್ದೇವೆ.

ಬದಲಾಗಬೇಕಾದದ್ದು ಮಾತಿನ ಹೊತ್ತು. ಈಗ ಈ ಮಾತು ಬರುವುದು ಹೆರಿಗೆ ವಾರ್ಡಿನಲ್ಲಿ, ಅವಳು ನೋವಿನಲ್ಲೋ ಸುಸ್ತಿನಲ್ಲೋ ಇರುವಾಗ. ಅಂಥ ಹೊತ್ತಲ್ಲಿ ಒಪ್ಪಿಗೆ ತೆಗೆದುಕೊಳ್ಳಬಾರದು ಅಂತ ಸರ್ಕಾರದ ಮಾನದಂಡವೇ ಹೇಳುತ್ತದೆ. ಏಳನೇ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಸೀಮಂತ ಮಾಡುತ್ತೇವೆ. ಹಸಿರು ಬಳೆ ತೊಡಿಸಿ, ಬಯಕೆ ಏನು ಅಂತ ಕೇಳಿ ಮಾಡಿಹಾಕುತ್ತೇವೆ. ಅದೇ ತಿಂಗಳ ಚೆಕಪ್ಪಿಗೆ ಗಂಡನೂ ಜೊತೆಗೆ ಹೋಗಲಿ. ಡಾಕ್ಟರ ಮುಂದೆ ಇಬ್ಬರೂ ಕುರ್ಚಿ ಹಾಕಿ ಕೂರಲಿ. ಇನ್ನು ಮಕ್ಕಳು ಬೇಕಾ, ಸಾಕಾ, ಈಗ ಬೇಡ ಅಷ್ಟೇನಾ ಅಂತ ಮೊದಲು ಅವಳನ್ನು ಕೇಳಲಿ. ಸಾಕು ಅಂದರೆ, ಅವನ ಕಡೆ ತಿರುಗಿ "ನೀವು ಮಾಡಿಸ್ಕೊಳ್ತೀರಾ?" ಅಂತ ಡಾಕ್ಟರೇ ಕೇಳಲಿ.